ಜಂಟಿ ಅರ್ಜಿ

ಮೇಲೆ ಕುರ್ಚಿ ಎಳೆದ ಸದ್ದು, ಒಂದಲ್ಲ, ಎರಡು, ಎರಡನೆಯದು ಮಗಳು ಮೇಸಿಯ ಕೋಣೆಯದೇ, ಅದರ ಒಂದು ಕಾಲು ಕುಂಟು, ಕೇಳಿದರೇ ಗೊತ್ತಾಗುತ್ತದೆ — ನನಗಾಗಿ ತಂದಿಟ್ಟಿದ್ದಾನೆ, ಎಂದುಕೊಂಡಳು ಶೋನಾ, ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ಕೈ ತಣ್ಣೀರಿನಲ್ಲೇ ನಿಂತಿತು, ಗಂಡ ಅಂದ್ರೆ ನಮ್ ಕ್ರೇಗ್ ಥರ ಇರ್ಬೇಕು ಎಂದು ಅವನ ಅಮ್ಮ ಊರೆಲ್ಲ ಸಾರುತ್ತಿದ್ದುದು ಸುಮ್ಮನಲ್ಲ, ತಯಾರಿಯೆಲ್ಲ ಅವನದೇ, ಹೆಂಡತಿ ಹೋಗಿ ಕೂತರೆ ಸಾಕು. ಶೋನಾ, ಅರ್ಜೀಲಿ ನನ್ ಭಾಗ ಮುಗೀತು, ಇನ್ನು ನಿಂದು, ಬಾ. ಬಂದೆ, ಕೈ ಒದ್ದೆಯಿದೆ. ಒರೆಸ್ಕೊಂಡೇ ಬಾ, ಅವಸರ ಏನಿಲ್ಲ. ಅವನಿಗೆ ಯಾವತ್ತೂ ಅವಸರವಿಲ್ಲ, ಅವಳಿಗೆ ಭಯವಾಗುವುದೇ ಅದಕ್ಕೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸರ್ಕಾರದ ಕಾಗದ ಹನ್ನೊಂದು ವಾರದಿಂದ ಅಲ್ಲೇ ಇದೆ, ನಿಮಗೆ ಬರುತ್ತಿರುವ ಹಳೆಯ ಸಹಾಯಧನ ನಿಲ್ಲಲಿದೆ, ಅದರ ಬದಲಿಗೆ ಬಂದಿರುವ ಹೊಸ ಸಹಾಯಧನ ತಾನಾಗಿ ಸಿಗುವುದಿಲ್ಲ, ಈ ತಾರೀಖಿನೊಳಗೆ ನೀವೇ ಅರ್ಜಿ ಹಾಕಿಕೊಳ್ಳಬೇಕು — ತಾರೀಖು ಮಂಗಳವಾರದ್ದು, ಇವತ್ತು ಶನಿವಾರ, ಮೇಸಿ ಈಜಲು ಹೋಗಿದ್ದಾಳೆ, ನಾಲ್ಕಕ್ಕೆ ಕರೆತರಬೇಕು. ಅವನು ಮರೆತಾನು ಎಂದುಕೊಂಡಿದ್ದೆಯಾ ಹುಚ್ಚಿ, ಅಂಗಡಿಯ ರಸೀದಿ ಮರೆಯದವನು ಇದನ್ನು ಮರೆಯುತ್ತಾನಾ.

ರಸೀದಿ ಎಂದರೆ ಬೆರಳು. ಊಟವಾದ ಮೇಲೆ ಮೇಜು ಒರೆಸಿ ಅದನ್ನು ಹರಡಿಕೊಳ್ಳುತ್ತಾನೆ, ಬೆರಳು ಒಂದೊಂದೇ ಸಾಲಿಗೆ ಇಳಿಯುತ್ತದೆ, ಉಗುರು ನೀಟಾಗಿ ಕತ್ತರಿಸಿದ ತೋರುಬೆರಳು, ಹಾಲು, ಬ್ರೆಡ್ಡು, ಮೀನು, ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಲ್ಲುತ್ತದೆ, ಇದೇನು. ಶಾಂಪೂ. ಮನೇಲಿ ಇತ್ತಲ್ಲ. ಮುಗೀತಾ ಬಂದಿತ್ತು. ಮುಗೀತಾ ಬರೋದೂ ಮುಗಿಯೋದೂ ಒಂದೇನಾ ಶೋನಾ, ಸುಮ್ನೆ ಕೇಳ್ದೆ. ಸುಮ್ಮನೆ ಕೇಳುತ್ತಾನೆ, ದನಿ ಎತ್ತುವುದಿಲ್ಲ, ಕೈ ಎತ್ತಿದ್ದಂತೂ ಇಲ್ಲವೇ ಇಲ್ಲ, ಹಾಗಿರುವಾಗ ಯಾರಿಗೆ ಏನೆಂದು ಹೇಳುವುದು, ನನ್ನ ಗಂಡ ರಸೀದಿ ಓದುತ್ತಾನೆ ಎಂದರೆ ಜನ ನಗುವುದಿಲ್ಲವೇ, ನನ್ ಗಂಡನೂ ಓದಿದ್ರೆ ಚೆನ್ನಾಗಿತ್ತು ಎಂದಿದ್ದಳು ಪಕ್ಕದ ಮನೆಯವಳು — ಒಮ್ಮೆ ಮಾತ್ರ, ಜನವರಿಯಲ್ಲಿ, ಕೆಲಸದಿಂದ ಹತ್ತು ನಿಮಿಷ ತಡವಾಗಿ ಬಂದಾಗ, ಒಳಗಿಂದ ಚಿಲಕ ಹಾಕಿಕೊಂಡು ಗಾಜಿನ ಆಚೆ ನಿಂತಿದ್ದ, ತನ್ನ ಕೈಗಡಿಯಾರವನ್ನು ಅದೇ ಬೆರಳಿನಿಂದ ತಟ್ಟಿ ತೋರಿಸುತ್ತ, ಹತ್ತು ನಿಮಿಷಕ್ಕೆ ಹತ್ತು ನಿಮಿಷ, ಸಮುದ್ರದ ಗಾಳಿ ಕಿವಿ ಕೊಯ್ಯುತ್ತಿತ್ತು, ಬಾಗಿಲು ತೆಗೆದವನು ಚಹಾ ಮಾಡಿಕೊಟ್ಟ. ಅವನ ಹಿಂದೆ ಮೇಸಿ, ಎಲ್ಲವನ್ನೂ ನೋಡುತ್ತ. ಅವಳಿಗೀಗ ಒಂಬತ್ತು. ಮೊನ್ನೆ ಶಾಲೆಯ ಕೇಕ್ ಮಾರಾಟದಿಂದ ಬಂದವಳು ಅಪ್ಪ ಕೇಳುವ ಮೊದಲೇ ಉಳಿದ ಚಿಲ್ಲರೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಆವತ್ತೇ ಶೋನಾ ತೀರ್ಮಾನ ಮಾಡಿದ್ದು, ಜುಲೈಯಲ್ಲಿ ಶಾಲೆ ಮುಗಿದ ದಿನ ಮಗಳನ್ನು ಕರೆದುಕೊಂಡು ಹೊರಟುಬಿಡುವುದು ಎಂದು.

ಹೊರಡಲು ದುಡ್ಡಿದೆ, ಅದೇ ಈಗ ಕುತ್ತಿಗೆಗೆ ಬಂದಿರುವುದು. ವಿನ್ನಿ ದೊಡ್ಡಮ್ಮ ಸಾಯುವಾಗ ಬಿಟ್ಟುಹೋದದ್ದು, ಹನ್ನೊಂದು ಸಾವಿರದ ನಾನೂರು ಪೌಂಡು, ದೊಡ್ಡಮ್ಮ ಏನ್ ಕೊಟ್ಲು ಎಂದು ಕ್ರೇಗ್ ಕೇಳಿದಾಗ ಗೋಡೆ ಗಡಿಯಾರ ಎಂದಿದ್ದಳು, ಗಡಿಯಾರವನ್ನೂ ತಂದು ತೂಗುಹಾಕಿದ್ದಳು, ಬ್ಯಾಂಕಿನ ಪಾಸ್ ಪುಸ್ತಕ ಮಾತ್ರ ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ, ಕಸ್ಟರ್ಡ್ ಪುಡಿಯ ದೊಡ್ಡ ಡಬ್ಬಿಯ ಹಿಂದೆ. ಅಲ್ಲಿ ಅವಳ ಮೇಲಿನವಳು ಪಾಲೀನ್, ಮುಖ್ಯ ಅಡುಗೆಯವಳು, ಅದನ್ನು ಕಂಡಿದ್ದೂ ಕಾಣದವಳಂತೆ ಇರುವವಳು, ನಾನು ಕೇಳಲ್ಲ ಕಣೇ, ನೀನೂ ಹೇಳ್ಬೇಡ. ಹೆಕ್ಸಮ್ ಎಂಬ ಬೇರೆ ಊರಿನಲ್ಲಿ ಎರಡು ಕೋಣೆಯ ಮನೆ ನೋಡಿಟ್ಟಿದ್ದಾಳೆ, ಮನೆ ಮಾಲೀಕನಿಗೆ ಆರು ತಿಂಗಳ ಬಾಡಿಗೆ ಮುಂಗಡವಾಗಿಯೇ ಬೇಕಂತೆ, ಕೊಟ್ಟೂ ಮಂಚ ಕೊಳ್ಳುವಷ್ಟು ಉಳಿಯುತ್ತದೆ. ಹಳೆಯ ಸಹಾಯಧನದವರು ಸಂಬಳ ಎಷ್ಟು, ಬಡ್ಡಿ ಎಷ್ಟು ಎನ್ನುತ್ತಿದ್ದರೇ ಹೊರತು ಗಂಟು ಎಷ್ಟಿದೆ ಎಂದವರಲ್ಲ. ಹೊಸದರಲ್ಲಿ ಮಾತ್ರ ಉಳಿತಾಯ ಎಂಬ ಕಲಂ ಇದೆ, ಆರು ಸಾವಿರ ದಾಟಿದರೆ ಕಡಿತ, ಕಡಿತ ಯಾಕಾಯಿತೆಂದು ತಿಂಗಳು ತಿಂಗಳು ಲೆಕ್ಕದ ಚೀಟಿ, ಆ ಚೀಟಿಯನ್ನು ಗಂಡ ಹೆಂಡತಿ ಇಬ್ಬರೂ ನೋಡಬಹುದು, ಮತ್ತೆ ಆ ಬೆರಳು, ಇಳಿಯುತ್ತ, ಇಳಿಯುತ್ತ.

ಹಾಗಾದರೆ ಅರ್ಜಿಯೇ ಬೇಡ ಎನ್ನೋಣವೇ, ಬೇಡ ಎಂದರೆ ತಿಂಗಳಿಗೆ ನಾನೂರು ಹೋಯಿತು, ಯಾಕೆ ಬೇಡ ಎಂದು ಅವನು ಕೇಳುತ್ತಾನೆ, ಅವಸರವಿಲ್ಲದೆ ಕೇಳುತ್ತಾನೆ, ವಾರಗಟ್ಟಲೆ. ಸೊನ್ನೆ ಎಂದು ಬರೆಯೋಣವೇ, ಬ್ಯಾಂಕಿನವರು ಬಡ್ಡಿಯ ವಿವರವನ್ನು ಸರ್ಕಾರಕ್ಕೆ ಕಳಿಸುತ್ತಾರೆ, ಇವತ್ತಲ್ಲದಿದ್ದರೆ ನಾಳೆ ಸಿಕ್ಕಿಬೀಳುವುದೇ, ಸುಳ್ಳು ಹೇಳಿದ ತಾಯಿ, ಮಗಳು ಯಾರ ಬಳಿ ಇರಬೇಕು ಎಂದು ನ್ಯಾಯಾಲಯದಲ್ಲಿ ಕೇಳುವ ದಿನ ಬಂದರೆ ಅದೊಂದೇ ಕಾಗದ ಸಾಕು ಅವನಿಗೆ. ಬುಧವಾರ ಶಾಲೆಯ ಉಗ್ರಾಣದಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು ಸಹಾಯವಾಣಿಗೆ ಫೋನು ಮಾಡಿದ್ದಳು, ಆ ಕಡೆಯ ಹೆಂಗಸು, ಮೇಡಂ, ಇಬ್ಬರೂ ಒಂದೇ ಮನೇಲಿದೀರಾ. ಹೌದು. ಹಾಗಾದ್ರೆ ಜಂಟಿ ಅರ್ಜಿನೇ ಆಗ್ಬೇಕು, ಇಬ್ಬರ ಉಳಿತಾಯನೂ ಹೇಳ್ಬೇಕು. ನಾನೊಬ್ಳೇ ಹಾಕೋ ಹಾಗಿಲ್ವಾ. ಆ ಕಡೆಯವಳು ದನಿ ತಗ್ಗಿಸಿ, ಮೇಡಂ, ನೀವು ಮನೇಲಿ ಕ್ಷೇಮವಾಗಿದೀರಾ. ಶೋನಾ ಫೋನು ಇಟ್ಟುಬಿಟ್ಟಿದ್ದಳು. ಯಾಕೆ ಇಟ್ಟೆ, ಇಲ್ಲ ಅಂತ ಒಂದು ಮಾತು ಆಡಿದ್ದರೆ — ಒಬ್ಬಳೇ ಹಾಕಬೇಕಾದರೆ ಒಬ್ಬಳೇ ಇರಬೇಕು, ಅಂದರೆ ಜುಲೈ ಅಲ್ಲ, ಅಂದರೆ ಇವತ್ತು, ನಾಲ್ಕು ಗಂಟೆಗೆ ಈಜುಕೊಳದಿಂದಲೇ ಸೀದಾ, ಮೇಸಿಯ ಕೂದಲು ಒದ್ದೆಯಿರುವಾಗಲೇ, ಹೆಕ್ಸಮ್‌ನ ಮನೆಗೆ ಇನ್ನೂ ಮುಂಗಡ ಕೊಟ್ಟಿಲ್ಲ, ಪುಸ್ತಕ ಬೀಗ ಹಾಕಿದ ಶಾಲೆಯಲ್ಲಿ, ಬೀಗದ ಕೈ ಪಾಲೀನ್ ಹತ್ತಿರ, ಪಾಲೀನ್ ಮನೆ ಎರಡು ಬೀದಿ ಆಚೆ, ಕೈ ಒರೆಸಿದ್ದಾಯಿತು, ಮೆಟ್ಟಿಲು ಹತ್ತುತ್ತಿದ್ದಾಳೆ, ಹತ್ತಲಾರೆ ಎನ್ನುತ್ತಲೇ ಹತ್ತುತ್ತಿದ್ದಾಳೆ.

ಕುಂಟು ಕುರ್ಚಿಯ ಮೇಲೆ ದಿಂಬನ್ನೂ ಹಾಕಿದ್ದಾನೆ. ಕೂತ್ಕೋ. ನಿನ್ ಹೆಸರು, ಹುಟ್ಟಿದ ದಿನ, ಕೆಲ್ಸ, ಸಂಬಳ ಎಲ್ಲ ನಾನೇ ತುಂಬಿದೀನಿ, ನಿಂಗ್ಯಾಕೆ ತೊಂದ್ರೆ. ಪರದೆಯ ಮೇಲೆ ಒಂದು ಖಾಲಿ ಚೌಕ, ಅದರ ಮೇಲೆ ನಿಮ್ಮ ಉಳಿತಾಯ ಎಷ್ಟು, ಅಷ್ಟೇ ಉಳಿದಿರುವುದು. ಅವನಿಂದ ಹೊಸ ಸೋಪಿನ ವಾಸನೆ. ನನ್ದು ಒಂದು ಸಾವಿರದ ಇನ್ನೂರು ಅಂತ ಹಾಕ್ದೆ, ನಿನ್ದು ಏನಿರುತ್ತೆ ಬಿಡು, ಸೊನ್ನೆ, ಒತ್ತಿಬಿಡ್ಲಾ. ಬೆರಳು ಸೊನ್ನೆಯ ಗುಂಡಿಯ ಮೇಲೆ ಬಂದು ನಿಂತಿತು. ಒತ್ತಲಿ, ಅವನೇ ಒತ್ತಿದರೆ ಸುಳ್ಳು ಅವನದಾಗುತ್ತದೆಯೇ, ಇಲ್ಲ, ಕೆಳಗೆ ಇರುವುದು ನನ್ನ ಹೆಸರು, ಒತ್ತಲಿ ಬಿಡು, ನಾಲ್ಕು ಗಂಟೆಯವರೆಗೆ ಉಸಿರಾಡಲು ಬಿಟ್ಟರೆ ಸಾಕು, ಒತ್ತಲಿ — ತಡಿ, ಎಂದಿತು ಅವಳದೇ ದನಿ. ಬಾಯಿಂದ ಬಂದ ಮೇಲೆ ಕೇಳಿಸಿಕೊಂಡಳು. ತಡಿ ಎಂದದ್ದೇ ಉತ್ತರವಾಯಿತು, ಇನ್ನು ಹನ್ನೊಂದು ಸಾವಿರವೆಂದರೂ ಒಂದೇ ಹನ್ನೊಂದು ಪೌಂಡೆಂದರೂ ಒಂದೇ. ಯಾಕೆ, ಎಂದ ಕ್ರೇಗ್, ಸುಮ್ಮನೆ ಕೇಳಿದಂತೆ. ಪರದೆಯನ್ನು ನೋಡುತ್ತಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದಾನೆ, ಬೆರಳು ಮಾತ್ರ ಅಲ್ಲೇ, ಗುಂಡಿಗೆ ತಾಗಿಯೂ ತಾಗದೆ, ಉಗುರು ನೀಟಾಗಿ ಕತ್ತರಿಸಿದ ಬೆರಳು, ಒತ್ತುವುದಿಲ್ಲ, ತೆಗೆಯುವುದೂ ಇಲ್ಲ, ಬೆರಳು —