ಐವತ್ತೆಂಟರ ಗೆರೆ

"ಸಕ್ರೆಬೈಲಿನ ಹತ್ರ ಆನೆ ನನ್ ಲಾರೀನ ಓವರ್‌ಟೇಕ್ ಮಾಡ್ತು, ಗೊತ್ತಾ? ಹೊಳೇಲಿ ಸ್ನಾನ ಮುಗಿಸ್ಕೊಂಡು ಆರಾಮಾಗಿ ನಡ್ಕೊಂಡ್ ಹೋಗ್ತಿದ್ದ ಆನೆ! ಮಾವುತ ತಿರುಗಿ ನೋಡಿ ನಕ್ಕ ಮಾರಾಯ್ತಿ" ಎನ್ನುತ್ತ ಜಯಕುಮಾರ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಡೀಸೆಲ್ ಪಂಪನ್ನು ಅಂಬ್ರೀನಳ ಮುಂದೆ ಇಟ್ಟ.

ಜಯಕುಮಾರ ಶಿವಮೊಗ್ಗದ ರವೀಂದ್ರನಗರದವನು. ಮದುವೆಮನೆಗಳಿಗೆ ಶಾಮಿಯಾನ, ಕುರ್ಚಿ, ಹಂಡೆ ಸಾಗಿಸುವ ನಾಲ್ಕು ಸಿಲಿಂಡರಿನ ಹಳೇ ಲಾರಿ ಅವನದು. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತದೆ. ಲೋಡು ಹಾಕಿಕೊಂಡು ಗಾಜನೂರು ದಾಟಿ ಸಣ್ಣದೊಂದು ಏರು ಸಿಕ್ಕರೆ ಸಾಕು, ಅದಕ್ಕೆ ಉಸಿರೇ ಇರುವುದಿಲ್ಲ. ಏರ್ ಫಿಲ್ಟರ್ ಬದಲಾಯಿಸಿದ್ದಾಯಿತು, ಡೀಸೆಲ್ ಫಿಲ್ಟರ್ ಬದಲಾಯಿಸಿದ್ದಾಯಿತು, ಟ್ಯಾಂಕು ತೊಳೆದದ್ದೂ ಆಯಿತು. ಉಳಿದದ್ದು ಪಂಪು. ಆ ಪಂಪು ಆರು ತಿಂಗಳ ಹಿಂದೆ ಭದ್ರಾವತಿಯ ಇದೇ ವರ್ಕ್‌ಶಾಪಿನಲ್ಲಿ, ಅಂಬ್ರೀನಳ ತಂದೆ ಅಬ್ಬಾಸ್ ಅಲಿಯವರ ಕೈಯಲ್ಲಿ ರಿಪೇರಿಯಾಗಿ ಹೋಗಿತ್ತು.

"ಏನಿಲ್ಲ, ಡೀಸೆಲ್ ಜಾಸ್ತಿ ಬಿಡೋ ಆ ಸ್ಕ್ರೂ ಒಂದ್ ಸುತ್ತು ತಿರುಗ್ಸಿ ಕೊಡು, ಹೋಗ್ತೀನಿ."

"ಅಂದಾಜಲ್ಲಿ ತಿರುಗಿಸಿದ್ರೆ ಮದುಮಕ್ಕಳ ಮುಖಕ್ಕೆಲ್ಲ ಕಪ್ಪು ಹೊಗೆ ಬಿಡ್ತೀರಾ ಅಷ್ಟೆ. ಆಮೇಲೆ ಇಂಜಿನ್ನೂ ಹೋಗುತ್ತೆ. ನಾಳೆವರೆಗೂ ಬಿಟ್ಟುಹೋಗಿ, ನೋಡ್ತೀನಿ."

ಜಯಕುಮಾರ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. ಅವನ ಪಿಸುಮಾತು ಅರ್ಧ ಫರ್ಲಾಂಗು ಕೇಳಿಸುತ್ತದೆ, ಅದು ಬೇರೆ ವಿಷಯ. "ಸಾಹೇಬ್ರ ಕೈ ಹೋಯ್ತು ಅಂತ ಲಾರಿ ಸ್ಟ್ಯಾಂಡಲ್ಲೆಲ್ಲ ಮಾತಾಗಿದೆ. ನಾನೂ ಹೇಳ್ದೆ, ಸುಳ್ಳು ಯಾಕೆ? ವಯಸ್ಸಾಯ್ತು, ಇನ್ನು ಮನೇಲಿ ಕೂರ್ಸಮ್ಮ."

ಹೊರಗೆ ಅಂಗಳದಲ್ಲಿ ಅಬ್ಬಾಸ್ ಅಲಿ ಚಹಾ ಕುಡಿಯುತ್ತಿದ್ದರು.

ಅಂಬ್ರೀನಳಿಗೆ ಆ ಮಾತು ಹೊಸದಲ್ಲ. ಒಂದು ತಿಂಗಳಲ್ಲಿ ಇದು ಮೂರನೆಯ ದೂರು. ಮೊದಲಿನ ಇಬ್ಬರು ಬಾಯಲ್ಲಿ ಹೇಳಿ ಹೋಗಿದ್ದರು, ಪಂಪನ್ನೇ ಬಿಚ್ಚಿ ತಂದವನು ಇವನೊಬ್ಬ. ಪಂಪು ಬಿಚ್ಚುವುದು, ಜೋಡಿಸುವುದು ಏಳು ವರ್ಷದಿಂದ ಅವಳ ಕೆಲಸ. ಕೊನೆಗೆ ಪಂಪು ಇಂಜಿನ್ನಿಗೆ ಎಷ್ಟು ಎಣ್ಣೆ ಕಳಿಸುತ್ತದೆಂದು ಅಳೆದು, ಸ್ಕ್ರೂ ಕೂರಿಸಿ, ಸೀಸದ ಸೀಲು ಒತ್ತುವುದು ಅಬ್ಬಾ ಅವರದು. ಆ ಸೀಲನ್ನು ಈ ಕಡೆಯ ಡ್ರೈವರುಗಳು ಸರ್ಕಾರಿ ಮೊಹರಿಗಿಂತ ಹೆಚ್ಚು ನಂಬುತ್ತಿದ್ದರು. ಈಗ ಅದೇ ಸೀಲಿನ ಕೆಳಗೆ ತಪ್ಪು ಸಿಕ್ಕರೆ, 'ಅಬ್ಬಾ, ಇನ್ನು ಸಾಕು' ಎಂದು ಹೇಳಬೇಕಾದವಳು ಅವಳೇ. ಹೇಳಿದ ಮೇಲೆ ಆ ಮನುಷ್ಯ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ಜಯಕುಮಾರ ಹೋದ ಮೇಲೆ ಅವಳು ಸೀಲು ನೋಡಿದಳು. ಯಾರೂ ಮುಟ್ಟಿರಲಿಲ್ಲ. ಪಂಪನ್ನು ಟೆಸ್ಟ್ ಬೆಂಚಿಗೆ ಕೂರಿಸಿ ಮೋಟಾರು ಹಾಕಿದಳು. ಪಂಪಿನ ನಾಲ್ಕು ಬಾಯಿಯಿಂದ ಬರುವ ಎಣ್ಣೆ ನಾಲ್ಕು ಗಾಜಿನ ನಳಿಕೆಗಳಲ್ಲಿ ತುಂಬಿತು. ಪಂಪಿನ ಸಾವಿರ ಹೊಡೆತಕ್ಕೆ ಪ್ರತಿ ನಳಿಕೆಯಲ್ಲೂ ಎಣ್ಣೆ ಐವತ್ತೆಂಟನೇ ಗೆರೆ ಮುಟ್ಟಬೇಕು. ಅವಳು ಕುಕ್ಕರುಗಾಲಲ್ಲಿ ಕುಳಿತು ಓದಿದಳು. ಐವತ್ತೆರಡು. ಪಕ್ಕದ್ದೂ ಐವತ್ತೆರಡು. ಮೂರನೆಯದೂ, ನಾಲ್ಕನೆಯದೂ ಅಷ್ಟೇ.

ಅಂಬ್ರೀನ್ ಹುಬ್ಬು ಗಂಟಿಕ್ಕಿದಳು. ಸವೆದ ಪಂಪಾದರೆ ಒಂದರಲ್ಲಿ ಐವತ್ತು, ಇನ್ನೊಂದರಲ್ಲಿ ಐವತ್ತೈದು ಬರಬೇಕು. ನಡುಗುವ ಕೈಯಾದರೂ ಹಾಗೇ. ನಾಲ್ಕನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರಿಸುವುದಕ್ಕೆ ಪಳಗಿದ ಕೈಯೇ ಬೇಕು. ಅಂಥ ಕೈ ಹೋಗಿ ಹೋಗಿ ತಪ್ಪು ಗೆರೆಯಲ್ಲಿ ಯಾಕೆ ನಿಂತಿತು?

ಭಯ ಹಿಂದಕ್ಕೆ ಸರಿದು ಕುತೂಹಲ ಮುಂದೆ ಬಂತು. ಅದು ಬಂದರೆ ಅಂಬ್ರೀನಳಿಗೆ ಊಟ ನೀರು ಬೇಡ. ಎಣ್ಣೆಯ ಬಿಸಿ ನೋಡಿದಳು, ಸರಿಯಾಗಿತ್ತು. ಹೊಡೆತ ಎಣಿಸುವ ಮೀಟರು ನೋಡಿದಳು, ಅದೂ ಸರಿಯಿತ್ತು. ನಳಿಕೆಗಳನ್ನು ತೊಳೆದು, ಒಣಗಿಸಿ, ಮತ್ತೆ ತುಂಬಿಸಿದಳು. ತಾಯಿ ಮೆಹಬೂಬ್ ಬೀ ಊಟಕ್ಕೆ ಎರಡು ಸಲ ಫೋನು ಮಾಡಿದರು. "ಬರ್ತೀನಿ ಅಮ್ಮೀ" ಎಂದವಳು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಹೊರಗೆ ಕೂಗಿದಳು.

"ಅಬ್ಬಾ, ಇದನ್ನ ಒಂಚೂರು ಓದಿ ಹೇಳಿ."

ಆರಡಿ ಎತ್ತರದ ಅಬ್ಬಾಸ್ ಅಲಿ ಕುಂಟುತ್ತ ಬಂದು, ಕನ್ನಡಕ ಸರಿಮಾಡಿಕೊಂಡು, ನಿಂತಲ್ಲಿಂದಲೇ ನಳಿಕೆಗಳ ಕಡೆ ನೋಡಿದರು.

"ಐವತ್ತೆಂಟು. ನಾಲ್ಕೂ ಐವತ್ತೆಂಟು. ಪಂಪಲ್ಲಿ ಏನೂ ಇಲ್ಲ. ಆ ಜಯಕುಮಾರಂಗೆ ಗೇರು ಹಾಕೋಕೆ ಬರಲ್ಲ."

ಅಂಬ್ರೀನ್ ಕುಳಿತಲ್ಲಿಂದ ನೋಡಿದಳು. ಐವತ್ತೆರಡು. ಉತ್ತರ ಹೇಳಲು ಎದ್ದಳು, ಆದರೆ ಕಣ್ಣು ನಳಿಕೆಯ ಮೇಲೇ ಇತ್ತು. ಅವಳು ಏಳುತ್ತಿದ್ದಂತೆ ಎಣ್ಣೆಯೂ ಮೇಲೇರಿತು. ಐವತ್ತಮೂರು, ಐವತ್ತೈದು. ತುದಿಗಾಲಲ್ಲಿ ನಿಂತಾಗ ಐವತ್ತೆಂಟು! ಕುಳಿತಳು, ಐವತ್ತೆರಡು. ಮತ್ತೆ ಎದ್ದಳು, ಮತ್ತೆ ಕುಳಿತಳು.

"ಏನ್ ಬೇಟಿ, ಬಸ್ಕಿ ಹೊಡೀತಿದೀಯಾ?"

ಎಣ್ಣೆಯ ಸಮಕ್ಕೆ ಕಣ್ಣಿಟ್ಟರೆ ಕಾಣುವುದು ಗೆರೆಗೆ ತಾಗಿದ ಮುಂದಿನ ಅಂಚು. ಮೇಲಿನಿಂದ ನೋಡಿದರೆ ಎಣ್ಣೆಯ ಹಿಂಬದಿಯ ಅಂಚು ಕಣ್ಣಿಗೆ ಬೀಳುತ್ತದೆ, ಅದು ಇನ್ನೂ ಮೇಲಿನ ಗೆರೆಗೆ ತಾಗಿದಂತೆ ಕಾಣುತ್ತದೆ. ಬೆಂಚು ಗಿಡ್ಡ. ಅಬ್ಬಾ ಮೊದಲೆಲ್ಲ ಕುಕ್ಕರುಗಾಲಲ್ಲಿ ಕುಳಿತೇ ಓದುತ್ತಿದ್ದರು. ಎಂಟು ತಿಂಗಳ ಹಿಂದೆ ಮಂಡಿಯ ಆಪರೇಷನ್ ಆದ ಮೇಲೆ ಅವರು ಬಗ್ಗುವುದನ್ನು ಬಿಟ್ಟಿದ್ದರು, ಬಿಟ್ಟಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಎಣ್ಣೆ ಜಾಸ್ತಿ ಬರುತ್ತಿದೆ ಎಂದುಕೊಂಡು ಸ್ಕ್ರೂ ಹಿಂದಕ್ಕೆ ತಿರುಗಿಸುತ್ತಲೇ ಬಂದಿದ್ದರು.

ಅಂಬ್ರೀನ್ ಖುಷಿಗೆ ಜೋರಾಗಿ ನಕ್ಕುಬಿಟ್ಟಳು. "ಕೈ ಅಲ್ಲ ಅಬ್ಬಾ, ಮಂಡಿ! ನಿಮ್ಮ ಕೈ ಚೆನ್ನಾಗಿದೆ!" ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಮುದುಕರ ಮುಖ ಕೆಂಪಾಯಿತು. "ನಲವತ್ತು ವರ್ಷದಿಂದ ಓದ್ತಿದೀನಿ. ನಂಗೆ ನೀನು ಓದೋಕೆ ಕಲಿಸ್ತೀಯಾ?" ಎಂದು ಗದರಿ, ಬೆಂಚು ಹಿಡಿದುಕೊಂಡು ಬಗ್ಗಲು ಹೊರಟರು. ಅರ್ಧಕ್ಕೆ ಮಂಡಿ ನಿಂತಿತು. ಮಗಳು ಮೊಣಕೈ ಹಿಡಿದರೆ ಕೊಡವಿದರು. ಆ ಅರ್ಧದಲ್ಲೇ, ನೋವಿಗೆ ಹಲ್ಲು ಕಚ್ಚಿ, ನಳಿಕೆಯನ್ನು ಬಹಳ ಹೊತ್ತು ನೋಡಿದರು.

"ಐವತ್ತೈದು" ಎಂದರು.

ಅಬ್ಬಾಸ್ ಅಲಿ ಹಳೆಯ ಸೀಲು ಕತ್ತರಿಸಿ ಸ್ಕ್ರೂ ಡ್ರೈವರ್ ಎತ್ತಿಕೊಂಡರು, ಅಂಬ್ರೀನ್ ನಳಿಕೆಯ ಮುಂದೆ ಕುಳಿತಳು. ಅವರು ಒಂದು ಎಳೆ ತಿರುಗಿಸುವುದು, ಇವಳು ಹೊಸದಾಗಿ ತುಂಬಿದ ಎಣ್ಣೆ ಓದುವುದು. ಐದನೆಯ ಸಲಕ್ಕೆ ನಾಲ್ಕೂ ನಳಿಕೆ ಐವತ್ತೆಂಟಕ್ಕೆ ನಿಂತವು.

"ಯಾರಿಗೂ ಹೇಳೋದು ಬೇಡ ಅಬ್ಬಾ. ಬಂದ ಪಂಪನ್ನೆಲ್ಲ ಹೀಗೇ ಸರಿ ಮಾಡಿ ಕಳಿಸೋಣ" ಎಂದಳು ಅಂಬ್ರೀನ್.

"ಬರದೇ ಇದ್ದೋರು? ನನ್ ಹತ್ರ ಪಂಪ್ ಮಾಡಿಸ್ಕೊಂಡ್ ಹೋದ ಲಿಂಗಮ್ಮ ಇಷ್ಟೊತ್ತಿಗೆ ಟ್ರ್ಯಾಕ್ಟರ್ ಮುದಿಯಾಯ್ತು ಅಂತ ಮಾರೋಕೆ ಹೊರಟಿರ್ತಾಳೆ. ಫೋನ್ ಹಚ್ಚು, ಜಯಕುಮಾರಂಗೆ."

ಅವಳು ಹಚ್ಚಿಕೊಟ್ಟಳು. ಸ್ಪೀಕರಿನಲ್ಲಿ ಲಾರಿ ಸ್ಟ್ಯಾಂಡಿನ ಗದ್ದಲ ಕೇಳಿಸಿತು.

"ಜಯಕುಮಾರ್, ನಿನ್ನ ಪಂಪು ಸರಿ ಹೋಯ್ತು. ತಪ್ಪು ನಂದು."

ಆ ಕಡೆ ಜಯಕುಮಾರ ತಡವರಿಸಿದ. "ಅಯ್ಯೋ ಬಿಡಿ ಸಾಹೇಬ್ರೆ, ಡೀಸೆಲ್ಲೇ ಸರಿ ಇರ್ಲಿಲ್ವೇನೋ..."

"ಡೀಸೆಲ್ ಸರಿ ಇತ್ತು. ಬೆಳಗ್ಗೆ ನೀನು ಹೇಳಿದ್ದೂ ನಂಗೆ ಕೇಳಿಸ್ತು. ಈಗ ಅದೇ ಸ್ಟ್ಯಾಂಡಲ್ಲಿ, ಅದೇ ಗಂಟಲಲ್ಲಿ ಇದನ್ನೂ ಹೇಳು. ಈ ಎಂಟು ತಿಂಗಳಲ್ಲಿ ನಾನು ಸೀಲ್ ಹಾಕಿದ ಇನ್ನೂ ಹತ್ತು ಪಂಪಿದಾವೆ. ಎಲ್ಲದ್ರಲ್ಲೂ ಪವರ್ ಕಮ್ಮಿ. ವಾಪಸ್ ತರ್ಲಿ. ಗಾಡಿ ನಂಬರ್ ಹೇಳ್ತೀನಿ, ಬರ್ಕೋ."

ಅವರು ಹೇಳುತ್ತ ಹೋದರು. ಒಂದು ಚೀಟಿ ನೋಡಲಿಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ಪರಮೇಶ್ವರಪ್ಪನ ಲಾರಿ, ಲಿಂಗಮ್ಮನ ಟ್ರ್ಯಾಕ್ಟರ್, ಆನಂದನ ಟೆಂಪೋ, ಯಾರದು ಯಾವ ವಾರ ಬಂದದ್ದು ಎಂಬುದೂ ಸೇರಿ. ಬೆಳಗ್ಗೆಯಷ್ಟೇ ಈ ಮನುಷ್ಯನನ್ನು ಮನೆಯಲ್ಲಿ ಕೂರಿಸಬೇಕೇನೋ ಎಂದುಕೊಂಡಿದ್ದ ಅಂಬ್ರೀನಳಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದು ಕಣ್ಣು ತುಂಬಿತು.

"ಸಾಹೇಬ್ರೆ, ನಿಧಾನ, ನಿಧಾನ!" ಎಂದು ಫೋನಿನಲ್ಲಿ ಜಯಕುಮಾರ ಕೂಗಿದ. "ಪೆನ್ನು ಈಗ ಸಿಕ್ತು."

ಅಬ್ಬಾಸ್ ಅಲಿ ಮೊದಲಿನಿಂದ ಮತ್ತೆ ಶುರು ಮಾಡಿದರು.