ಬಾಗಿಲು ತಟ್ಟುವ ಕ್ರಮ

ಮಣಿಪಾಲದ ಆ ಕಾಲೇಜಿನ ಸಮಾಜಶಾಸ್ತ್ರ ವಿಭಾಗದಲ್ಲಿ ಬದಲಾವಣೆಯ ಬಗ್ಗೆ ವರ್ಷವರ್ಷವೂ ವಿಚಾರಸಂಕಿರಣ ನಡೆಯುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮುಖ್ಯಸ್ಥರ ಕುರ್ಚಿ ಮಾತ್ರ ಇದ್ದಲ್ಲಿಂದ ಅಲುಗಿರಲಿಲ್ಲ. ಲಿಯೋನೆಲ್ ಸರ್ ಕಳೆದ ಮಳೆಗಾಲದಲ್ಲಿ ಅದರಲ್ಲೇ ಕುಳಿತು ತೀರಿಕೊಂಡರು. ಆಮೇಲೆ ಅದು ಅವರ ಶಿಷ್ಯೆ, ಕಾರ್ಕಳದ ಇಮೆಲ್ಡಾ ಅವರಿಗೆ ಬಂತು.

ಇಮೆಲ್ಡಾ ದೊಡ್ಡ ಆಸೆಯಿಂದಲೇ ಕುಳಿತರು. ಅವರ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ, ಗುರುಗಳು ಶಿಷ್ಯರನ್ನು ತಮ್ಮಂತೆಯೇ ಮಾಡಿಬಿಡುವ ಬಗೆಯ ವಿಶ್ಲೇಷಣೆ ಇತ್ತು. "ಇದು ಸಿದ್ಧಾಂತವಲ್ಲ, ದೂರು" ಎಂದು ಹೇಳಿ, ಲಿಯೋನೆಲ್ ಸರ್ ಒಮ್ಮೆ ಕೆಮ್ಮಿ, ಇಡೀ ಅಧ್ಯಾಯವನ್ನೇ ತೆಗೆಸಿದ್ದರು. ಅಂದು ಕಾರ್ಕಳದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತ ಇಮೆಲ್ಡಾ, ನಾನಂತೂ ಯಾರ ಅಧ್ಯಾಯವನ್ನೂ ತೆಗೆಸುವುದಿಲ್ಲ ಎಂದು ಶಪಥ ಮಾಡಿದ್ದರು. ಈಗ ತಮ್ಮ ಪಿಎಚ್‌ಡಿ ವಿದ್ಯಾರ್ಥಿನಿ, ಕಾಪುವಿನ ಚೈತಾಲಿಯಿಂದ ಅದೇ ವಿಷಯವನ್ನು ಬರೆಸಿದ್ದರು. ಪ್ರಬಂಧ ಸಲ್ಲಿಸಲು ಇಮೆಲ್ಡಾರ ಒಂದು ಸಹಿಯಷ್ಟೇ ಬಾಕಿ.

ಈ ಹುಡುಗಿಯದ್ದೊಂದು ವಿಚಿತ್ರ. ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಂದಾಗ, ಇಮೆಲ್ಡಾ ತಮ್ಮ ಕೋಣೆಯ ಬೀಗಕ್ಕೆ ಕೀ ಹಾಕುವ ಮೊದಲೇ ಅವಳು ಬಾಗಿಲು ತಟ್ಟಿದಳು.

"ಎಂತ ಮಾರಾಯ್ತಿ, ಒಳಗೆ ಯಾರಿದ್ದಾರೆ? ನಾನು ಇಲ್ಲೇ ಇದ್ದೇನಲ್ಲ."

"ಅಭ್ಯಾಸ ಮೇಡಂ. ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಬಡಿಸಿ ಬಾಗಿಲು ಹಾಕುವ ಕ್ರಮ ಉಂಟು. ತೆಗೆಯುವ ಮೊದಲು ತಟ್ಟಬೇಕು. ಉಣ್ಣುತ್ತಿದ್ದವರು ಎದ್ದು ಹೋಗಬೇಕಲ್ಲ."

"ಲಿಯೋನೆಲ್ ಸರ್ ಪ್ರತಿ ಭಾನುವಾರ ಇಗರ್ಜಿಗೆ ಹೋಗುತ್ತಿದ್ದವರು. ಅವರಿಗೆ ನಿಮ್ಮ ಕ್ರಮ ಗೊತ್ತಿರಲಿಕ್ಕಿಲ್ಲ" ಎಂದು ಇಮೆಲ್ಡಾ ನಕ್ಕರು.

ಚೈತಾಲಿ ನಗಲಿಲ್ಲ. "ಹಾಗಾದರೆ ಎದ್ದು ಹೋಗಿಲ್ಲ, ಅಲ್ವಾ ಮೇಡಂ?"

ಅಂದೇ ಇಮೆಲ್ಡಾ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದರು. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಸಂಜೆಯೊಳಗೆ ತಾವೇ ಹಳೆಯ ಜಾಗಕ್ಕೆ ತಂದರು. ಜವಾನ ಮನೀಶ್ ಲಿಯೋನೆಲ್ ಸರ್ ಕಾಲದ ಅಭ್ಯಾಸದಂತೆ ಸಕ್ಕರೆಯಿಲ್ಲದ ಚಹಾ ತಂದಿಟ್ಟ. ಸಕ್ಕರೆಯಿಲ್ಲದೆ ಗುಟುಕೂ ಇಳಿಯದ ಇಮೆಲ್ಡಾ ಲೋಟ ಬರಿದಾದ ಮೇಲಷ್ಟೇ ಸಕ್ಕರೆಯಿರಲಿಲ್ಲವೆಂದು ಗಮನಿಸಿದರು. ಅವರಿಗೆ ಭಯವಾಯಿತು. ಬಿಸಿಲು, ಜವಾನನ ಅಭ್ಯಾಸ, ಕಾರಣಗಳೆಲ್ಲ ಸರಿಯಾಗಿಯೇ ಇದ್ದವು, ಅದೇ ಭಯ.

ಮರುದಿನ ಚೈತಾಲಿ ಎದುರು ಕುಳಿತಿದ್ದಾಗ ಕೊನೆಯ ಅಧ್ಯಾಯ ಓದಿದರು. ತಾನು ಕಳೆದುಕೊಂಡದ್ದನ್ನು ಶಿಷ್ಯೆಯ ಕೈಯಿಂದ ಬರೆಸಿಕೊಳ್ಳುವ ಒಬ್ಬ ಗುರುವಿನ ಪ್ರಸಂಗವೂ ಅದರಲ್ಲಿತ್ತು. ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಮೆಲ್ಡಾರ ಮೈ ಉರಿಯಿತು.

"ಇದು ಸಿದ್ಧಾಂತವಲ್ಲ, ದೂರು."

ಧ್ವನಿ ಅವರದೇ. ಹಿಂದೆಯೇ ಬಂದ ಕೆಮ್ಮು ಅವರದಲ್ಲ.

ಚೈತಾಲಿ ತಟ್ಟನೆ ಎದ್ದಳು. ಹಾಳೆಗಳನ್ನು ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ನಿಲ್ಲು, ಸಹಿ ಹಾಕುತ್ತೇನೆ ಎನ್ನಬೇಕೆಂದಿದ್ದರು ಇಮೆಲ್ಡಾ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

"ಬಾ" ಎಂದರು ಸಮಾಧಾನದಿಂದ.

ಬಾಗಿಲು ತೆರೆಯಲಿಲ್ಲ. ಮತ್ತೆ ತಟ್ಟಿದಳು, ಇನ್ನೂ ಮೆಲ್ಲಗೆ. ಆಮೇಲೆ ಸುಮ್ಮನೆ ಕಾದಳು. ಬಾಗಿಲ ಕೆಳಗಿನ ಸಂದಿನಲ್ಲಿ ಅವಳ ಚಪ್ಪಲಿಗಳು ಕಾಣುತ್ತಿದ್ದವು.

ಅವಳು ಒಳಗೆ ಬರಲು ಅಪ್ಪಣೆ ಕೇಳುತ್ತಿಲ್ಲವೆಂದು ಇಮೆಲ್ಡಾರಿಗೆ ಆಗ ಹೊಳೆಯಿತು. ಒಳಗಿದ್ದವರು ಎದ್ದು ಹೋಗಲೆಂದು ಕಾಯುತ್ತಿದ್ದಾಳೆ. ಎದ್ದರೆ ಸಾಕು, ಅಧ್ಯಾಯ ಉಳಿಯುತ್ತದೆ. ಅವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಏಳಲು ನೋಡಿದರು.

ಏಳಲಾಗಲಿಲ್ಲ.

"ಆ ಅಧ್ಯಾಯ ತೆಗೆದುಹಾಕಿ ಪ್ರಬಂಧ ತಾ" ಎಂದಿತು ಅವರ ಬಾಯಿ.