ನಾಲ್ಕು ಅಂದರೆ ನಾಲ್ಕೇ

ದೊಡ್ಡ ಫುಟ್‌ಬಾಲ್ ಕ್ಲಬ್ಬಿನಿಂದ ಬಂದಿದ್ದ ಆಯ್ಕೆಗಾರರು ಮತ್ತೊಮ್ಮೆ ಕೈಗಡಿಯಾರ ನೋಡಿಕೊಂಡರು. ಕ್ಷೌರಿಕ ಮತ್ತೊಮ್ಮೆ ಗೇಟಿನ ಕಡೆ ನೋಡಿದ. ನೋಡಿ ನೋಡಿ ಅವನ ಕುತ್ತಿಗೆ ಆಗಲೇ ಹಿಡಿದುಕೊಂಡಿತ್ತು. ಆಟ ಶುರುವಾಗಿ ಬಹಳ ಹೊತ್ತಾಗಿತ್ತು. ಯಾರನ್ನು ನೋಡಲೆಂದು ಅವರು ಅಷ್ಟು ದೂರದಿಂದ ಬಂದಿದ್ದರೋ ಆ ಮಹಾರಾಯನ ಪತ್ತೆಯೇ ಇರಲಿಲ್ಲ.

"ದಾರಿಯಲ್ಲಿದಾನೆ ಸಾರ್," ಎಂದ ಕ್ಷೌರಿಕ.

"ದಾರಿಯಲ್ಲೇ ಇರೋರನ್ನ ತುಂಬಾ ಜನಾನ ನೋಡಿದೀನಿ," ಎಂದು ಆಯ್ಕೆಗಾರರು ನಕ್ಕರು. ಬೈದಿದ್ದರೆ ಕ್ಷೌರಿಕನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮಹಾರಾಯ ಎಂದರೆ ಕ್ಷೌರಿಕನ ಹೆಂಡತಿಯ ತಮ್ಮ. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಗಾಳಿ ಎಂದು. ಚೆಂಡು ಕಾಲಿಗೆ ಸಿಕ್ಕಿತೋ, ಎದುರಿನವರು ಬಾಗಿಲು ಹಾಕುವಷ್ಟರಲ್ಲಿ ಒಳಗೆ ನುಗ್ಗಿರುತ್ತಿದ್ದ. ಆದರೆ ಅಭ್ಯಾಸ ಎನ್ನುವುದು ಅವನ ಪ್ರಕಾರ ಕಾಯಿಲೆಯವರಿಗೆ ಬರೆದುಕೊಡುವ ಔಷಧಿ. ತನಗೇನು ಕಾಯಿಲೆ ಎನ್ನುತ್ತಿದ್ದ. ಬೆಳಿಗ್ಗೆ ತಂಡದವರು ಬೆವರು ಸುರಿಸಿಕೊಂಡು ಮೈದಾನ ಸುತ್ತುವಾಗ ಅವನು ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುತ್ತಿದ್ದ. ಚೆಂಡು ಆಚೆ ಹೋದರೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದ. ಯಾರಾದರೂ ಓಡಿಹೋಗಿ ತಂದುಕೊಡುತ್ತಿದ್ದರು. ಆ ಯಾರಾದರೂ ಹೆಚ್ಚಾಗಿ ಕ್ಷೌರಿಕನೇ. ಹಗಲು ಅಂಗಡಿಯಲ್ಲಿ ಕತ್ತರಿ, ಸಂಜೆ ಮೈದಾನದಲ್ಲಿ ಸೀಟಿ. ತಂಡಕ್ಕೆ ಕೋಚ್ ಅವನೇ. ಭಾಮೈದನೆಂಬ ಮೋಹ ಇತ್ತು, ಸುಳ್ಳೇಕೆ. ಆದರೆ ಆ ಕಾಲುಗಳ ಮೇಲಿದ್ದ ಮೋಹ ಅದಕ್ಕಿಂತ ದೊಡ್ಡದು.

ಗಾಳಿಯನ್ನು ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ತರಲು ಮನೆಯವರೂ ತಂಡದವರೂ ಸೇರಿ ಒಂದು ಉಪಾಯ ಮಾಡಿಕೊಂಡಿದ್ದರು. ನಾಲ್ಕಕ್ಕೆ ಆಟವಿದ್ದರೆ ಅವನಿಗೆ ಮೂರು ಎನ್ನುವುದು. ಅಕ್ಕ ಗೋಡೆಯ ಗಡಿಯಾರವನ್ನೂ ಒಂದಿಷ್ಟು ಮುಂದಕ್ಕೆ ತಿರುಗಿಸಿಟ್ಟಿದ್ದಳು. ಅದನ್ನು ನಂಬಿ ಪಕ್ಕದ ಮನೆಯಾಕೆ ಒಮ್ಮೆ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕಾದು ಕೂತು, ವಾಪಸ್ ಬಂದು ಜಗಳ ತೆಗೆದದ್ದೂ ಉಂಟು. ಗಾಳಿಗೇನು ಇದು ಗೊತ್ತಾಗದೆ ಇರಲಿಲ್ಲ. ಯಾರು ಎಷ್ಟು ಸುಳ್ಳು ಬೆರೆಸುತ್ತಾರೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಆರಾಮಾಗಿ ಹೊರಡುತ್ತಿದ್ದ. ಹೀಗೆ ಎಲ್ಲರಿಗೂ ಒಗ್ಗಿಹೋಗಿ ಕೆಲಸ ಹೇಗೋ ಸಾಗುತ್ತಿತ್ತು.

ಇವತ್ತು ಎಡವಟ್ಟು ಮಾಡಿದ್ದು ಕ್ಷೌರಿಕ. ದೊಡ್ಡ ಕ್ಲಬ್ಬಿನವರ ವಯಸ್ಸಿನ ಮಿತಿಯಲ್ಲಿ ಗಾಳಿಗೆ ಇದೇ ಕೊನೆಯ ಅವಕಾಶ. ಇಂಥ ದಿನವೂ ಮಗುವಿಗೆ ಹೇಳುವ ಹಾಗೆ ಸುಳ್ಳು ಹೇಳುವುದೇ ಎಂದು ಹೆಂಡತಿ ಕೇಳಿದ್ದಳು. ನಾಳೆ ದೊಡ್ಡ ಆಟಗಾರನಾಗುವವನು, ಅವನಿಗೂ ಒಂದು ಮರ್ಯಾದೆ ಬೇಡವೇ ಎಂದು ಕ್ಷೌರಿಕನಿಗೂ ಅನಿಸಿತು. ಬೆಳಿಗ್ಗೆ ಭಾಮೈದನನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ಸೋಪು ಹಚ್ಚಿ, ಕನ್ನಡಿಯಲ್ಲೇ ಅವನ ಕಣ್ಣು ನೋಡುತ್ತಾ, "ನಾಲ್ಕು ಅಂದ್ರೆ ನಾಲ್ಕೇ ಕಣೋ," ಎಂದಿದ್ದ. ನೊರೆಯ ಮುಖದಲ್ಲೇ ಗಾಳಿ ಕಣ್ಣು ಹೊಡೆದಿದ್ದ. ಕ್ಷೌರಿಕ ಅದನ್ನು ಧೈರ್ಯ ಎಂದುಕೊಂಡಿದ್ದ.

ಆಯ್ಕೆಯ ಆಟವಾದ್ದರಿಂದ ಬೇಗ ಮುಗಿಯಿತು. ಆರಿಸಿದ್ದು ಕಂಬನನ್ನು. ಕಂಬ ಎಂದರೆ ಗೋಲಿನ ಮುಂದೆ ನಿಂತ ಜಾಗ ಬಿಟ್ಟು ಕದಲದ ಹುಡುಗ. ಎಲ್ಲರಿಗಿಂತ ಮೊದಲು ಬಂದು ಬಲೆ ಕಟ್ಟುವವನೂ ಅವನೇ, ಕೊನೆಗೆ ಬಿಚ್ಚಿ ಮಡಿಸುವವನೂ ಅವನೇ. ಸುದ್ದಿ ಕೇಳಿ ಅವನು ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಅವನನ್ನು ತಬ್ಬಿಕೊಂಡಾಗ ಕ್ಷೌರಿಕನಿಗೆ ನಿಜಕ್ಕೂ ಖುಷಿಯಾಯಿತು. ಕಣ್ಣು ಮಾತ್ರ ಮತ್ತೆ ಗೇಟಿನ ಕಡೆಗೇ ಹೋಯಿತು.

ಆಯ್ಕೆಗಾರರ ಕಾರು ಹೋಯಿತು. ಆಟಗಾರರೂ ಚದುರಿದರು, ಬಲೆ ಬಿಚ್ಚಲು ಕಂಬನೊಬ್ಬ ಉಳಿದ. ಆಗ ಬಂದ ಗಾಳಿ, ತಲೆಗೆ ಸ್ನಾನ ಮಾಡಿ, ಬಾಳೆಹಣ್ಣು ತಿನ್ನುತ್ತಾ.

"ಏನ್ ಭಾವ, ಕಂಬನ ಬಿಟ್ರೆ ಇನ್ನೂ ಯಾರೂ ಬಂದಿಲ್ವಾ? ನಾನೇ ಮೊದಲು?"

ಅಷ್ಟು ಹೊತ್ತಿನಿಂದ ಬೈಗುಳ ಕೂಡಿಟ್ಟುಕೊಂಡಿದ್ದ ಕ್ಷೌರಿಕ, ಬಲೆಯಿಲ್ಲದ ಗೋಲಿನ ಕಡೆ ಕೈ ತೋರಿಸಿದ. "ಎಲ್ಲಾ ಮುಗೀತು," ಎಂದ.

"ನೀವು ನಾಲ್ಕು ಅಂದ್ರೆ ಐದಲ್ವಾ?"

"ಇವತ್ತು ನಾಲ್ಕೇ ಇತ್ತು."

ಗಾಳಿ ಬಾಯಲ್ಲಿದ್ದ ಹಣ್ಣು ನುಂಗುವುದನ್ನೇ ಮರೆತ. "ಅಂದ್ರೆ, ನೀವು ನಿಜ ಹೇಳಿದ್ರಾ?"

ಅವನ ದನಿಯಲ್ಲಿ ಮೋಸ ಹೋದವನ ನೋವಿತ್ತು. ಅಂಥ ಸಂಕಟದಲ್ಲೂ ಕ್ಷೌರಿಕನಿಗೆ ನಗು ತಡೆಯಲಾಗಲಿಲ್ಲ. ಗಾಳಿಯೂ ನಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಿಲ್ಲಿಸಿದವನು ಗಾಳಿ. ಯಾರನ್ನು ಆರಿಸಿದರು ಎಂದು ಕೇಳಿದ. ಬಲೆ ಮಡಿಸುತ್ತಿದ್ದ ಕಂಬ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ.

ಗಾಳಿ ಹೋಗಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಅಲ್ಲಿ ಹೋಗಿಯಾದ್ರೂ ಬಲೆ ಮಡಿಸೋದು ಬಿಡೋ," ಎಂದ. ಮಾತು ಹಗುರವಾಗಿಯೇ ಇತ್ತು. ಕಣ್ಣು ಮಾತ್ರ ತುಂಬಿತ್ತು. ಚೀಲದಿಂದ ಒಂದು ಚೆಂಡು ತೆಗೆದುಕೊಂಡು ಮೈದಾನದ ನಡುವಿನಿಂದಲೇ ಒದ್ದ.

ಎಂಥ ಒದೆತ ಅದು! ಚೆಂಡು ಎಡಕ್ಕೆ ಹೋಗುತ್ತಿರುವಂತೆ ತೋರಿಸಿ, ಮನಸ್ಸು ಬದಲಾಯಿಸಿ, ಬಲಕ್ಕೆ ಬಾಗಿ, ಗೋಲಿನ ಮೇಲಿನ ಮೂಲೆಯಿಂದ ಒಳಗೆ ಹೋಯಿತು. ತಡೆಯಲು ಬಲೆಯಿರಲಿಲ್ಲ. ಪುಟಿಯುತ್ತಾ ಗೇಟು ದಾಟಿ ಇಳಿಜಾರಿನ ರಸ್ತೆಗೆ ಬಿತ್ತು.

ಗಾಳಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಕ್ಷೌರಿಕನ ಕಾಲು ರೂಢಿಯಂತೆ ಎರಡು ಹೆಜ್ಜೆ ಮುಂದೆ ಹೋಯಿತು. ಆಮೇಲೆ ಅವನು ನಿಧಾನವಾಗಿ ತಿರುಗಿ, ಆಯ್ಕೆಗಾರರು ಬಿಟ್ಟುಹೋದ ಕುರ್ಚಿಯಲ್ಲಿ ಕೂತುಕೊಂಡ.

ಗಾಳಿ ಭಾವನನ್ನು ನೋಡಿದ. ಗೇಟನ್ನು ನೋಡಿದ. ಸೊಂಟದಿಂದ ಕೈ ತೆಗೆದ. ಮೊದಲು ನಡೆದ, ಆಮೇಲೆ ಒಂದು ಬೂಟಿನ ಲೇಸು ಬಿಚ್ಚಿದ್ದರೂ ಲೆಕ್ಕಿಸದೆ, ಇಳಿಜಾರಿನಲ್ಲಿ ಚೆಂಡಿನ ಹಿಂದೆ ಓಡತೊಡಗಿದ.